ಎಳ್ಳಮಾಸಿಯ ದಿನದ ಮಹಾನೆರೆ

ಯಾರದು, ಮುದುಕನಿಗೆ ಅರಳು ಮರಳು, ಚಳಿಗಾಲದಲ್ಲಿ ಭೀಮೆಗೆ ನೆರೆ ಬಂತೆಂದು ಕತೆ ಕಟ್ಟುತ್ತಾನೆ ಅಂದವರು? ಆ ದಿನದ ಭಜ್ಜಿಯಲ್ಲಿ ಯಾವ ಯಾವ ಕಾಳಿತ್ತೆಂದು ಬೇಕಾದರೆ ಹೇಳುತ್ತೇನೆ! ಬಾಯಿ ಮುಚ್ಚಿಕೊಂಡು ಕೇಳಿ.

ನಮ್ಮೂರಿನ ಮೋಟಾರು ರಿಪೇರಿ ಗುರಲಿಂಗಪ್ಪನಿಗೆ ಯಂತ್ರದ ಹುಚ್ಚು, ಅವನ ಹೆಂಡತಿ ಭಾಗವ್ವನಿಗೆ ಹೊಲದ ಚಿಂತೆ. ಮಳೆಗಾಲದ ನೆರೆ ಅವಳ ತೊಗರಿಯನ್ನೆಲ್ಲ ನುಂಗಿತ್ತು. ಬ್ಯಾರೇಜಿನ ಕೆಳಗೆ, ಹೊಳೆದಂಡೆಯಲ್ಲಿ ಹೂಬಿಟ್ಟು ನಿಂತ ಕಡಲೆಯೊಂದೇ ಉಳಿದ ಆಸೆ.

ಎಳ್ಳಮಾಸಿಯ ಹಿಂದಿನ ದಿನ ಗುರಲಿಂಗಪ್ಪ ಹಾಲಿನ ಕ್ಯಾನಿನಂಥ ಯಂತ್ರವೊಂದನ್ನು ಆ ಹೊಲದ ಬದುವಿನ ಮೇಲೆ ನಿಲ್ಲಿಸಿ ಎದೆಯುಬ್ಬಿಸಿದ.

"ನೆರಿ ಬರೂದನ್ನ ಇದು ಮೊದಲ ಹೇಳ್ತದ! ಹೊಳಿ ಕಡಿ ನೋಡೂದೇ ಇಲ್ಲ, ಮಂದಿ ಕಡಿ ನೋಡ್ತದ. ದಂಡಿ ಮ್ಯಾಲಿನ ಊರಾಗೆಲ್ಲ ಕ್ಯಾಮೆರಾ ಇಟ್ಟೀನಿ. ಮಂದಿ ಗಂಟುಮೂಟಿ ಕಟ್ಟಿ ಊರ ಬಿಟ್ರಂದ್ರ ನೆರಿ ಅಂತ ತಿಳಕೊಂಡು, ಬ್ಯಾರೇಜಿನ ಗೇಟ್ ತಾನೇ ತಗದು ನೀರಿಗೆ ಜಾಗಾ ಮಾಡ್ತದ!"

"ಮಂದಿ ಓಡಾಕತ್ತ ಮ್ಯಾಲ ಹೇಳಾಕ ನಿಮ್ಮ ಡಬ್ಬಿ ಯಾಕ್ ಬೇಕ್ರಿ?"

"ನಿನಗ ವಿಜ್ಞಾನ ತಿಳಿಯಂಗಿಲ್ಲ, ಬಿಡು!"

ಮರುದಿನ ಬೆಳಗ್ಗೆ ಎರಡೂ ದಂಡೆಯ ಊರುಗಳು ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಅಂಬಲಿ, ಕಂಬಳಿ, ಮಕ್ಕಳು ಎಲ್ಲವನ್ನೂ ಬಂಡಿಗೆ ಹೇರಿ, ಮನೆಗೆ ಬೀಗ ಜಡಿದು ಹೊಲಕ್ಕೆ ಹೊರಟವು. ಎಳ್ಳಮಾಸಿಯೆಂದರೆ, ಎಳ್ಳು ಅಮಾವಾಸ್ಯೆಯಂದು ಭೂಮಿತಾಯಿಗೆ ಅಡುಗೆಯ ಚರಗ ಚೆಲ್ಲಿ, ಹೊಲದಲ್ಲೇ ಉಣ್ಣುವ ಹಬ್ಬವಲ್ಲವೇ! ಹೊಳೆಯಂತೂ ಮೇಕೆಗಳು ಗೊರಸು ನೆನೆಸಿಕೊಂಡು ದಾಟುವಷ್ಟಿತ್ತು.

ಭಾಗವ್ವ ಚರಗದ ಬುಟ್ಟಿಗೆ ಕೈ ಹಾಕಿದಳು. "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿದಳು.

ಯಂತ್ರ ಸೈರನ್ ಊದಿತು! "ಪ್ರವಾಹ! ಮೊಣಕಾಲುದ್ದ!"

ಅವಳ ಕೈ ಬುಟ್ಟಿಯಲ್ಲೇ ನಿಂತಿತು. ಆಚೆ ದಂಡೆಯವರು ಬೆಚ್ಚಿಬಿದ್ದು ನಿಜವಾಗಿಯೂ ಓಡಿದರು. ಓಡುವವರನ್ನು ನೋಡಿದ ಯಂತ್ರ "ಎದೆಯುದ್ದ!" ಎಂದಿತು. ಅದನ್ನು ಕೇಳಿ ಈಚೆಯವರೂ ಓಡಿದರು. "ಬೇವಿನ ಮರದುದ್ದ!"

ಅಷ್ಟರಲ್ಲಿ ಬೇವಿನ ಮರ ಹತ್ತಿ ಕೂತಿದ್ದ ಪಕ್ಕದ ಹೊಲದ ಮಹಿಬೂಬಸಾಬ ಅಲ್ಲಿಂದಲೇ ಅತ್ತ. "ಇನ್ನೆಲ್ಲಿ ಹತ್ತಲವ್ವ? ಮ್ಯಾಲ ಆಕಾಶ ಒಂದೇ ಅದ!"

ಬ್ಯಾರೇಜಿನ ಕಡೆ ಗಡಗಡ ಸದ್ದಾಯಿತು. ಗೇಟುಗಳು ತೆರೆದವು! ಚಳಿಗಾಲಕ್ಕೆಂದು ನಿಲ್ಲಿಸಿದ್ದ ನೀರು ಬುಸುಗುಟ್ಟುತ್ತ ಬಂದು ಕಡಲೆಯ ಮೊದಲ ಸಾಲಿಗೆ ನುಗ್ಗಿತು.

"ಬಂದ್ ಮಾಡ್ರೀ ಅದನ್ನ!"

"ಬಂದ್ ಮಾಡೂ ಗುಂಡೀನ ಇಟ್ಟಿಲ್ಲ! ಜೀವ ಉಳಿಸೂ ಯಂತ್ರಾನ ಯಾರರೆ ಬಂದ್ ಮಾಡ್ತಾರೇನು?"

ಭಾಗವ್ವ ತಟ್ಟನೆ ಕಂಬಳಿ ತಂದು ಯಂತ್ರದ ಮುಂದೆಯೇ ಹಾಸಿದಳು.

"ಮಂದಿ ಕಡಿ ನೋಡ್ತದಲ್ಲ? ಎಲ್ಲಾರೂ ಬಂದು ಕೂಡ್ರಿ! ಉಣ್ರಿ!"

"ಜೀವ ಹೋಗೂ ಹೊತ್ತಿನಾಗ ಊಟೇನವ್ವ?"

"ಭಜ್ಜಿ ಆರಾಕತ್ತದ! ಕೆಳಗಿಳಿ ಕಾಕಾ!"

ಇನ್ನೂ ದೂರ ಓಡಿರದ ಅಕ್ಕಪಕ್ಕದ ಹೊಲದವರೆಲ್ಲ ಮರಳಿ ಬಂದು, ಪಾದ ನೀರಲ್ಲಿಟ್ಟು ರೊಟ್ಟಿ ಮುರಿದರು. ಯಂತ್ರ ದಿಟ್ಟಿಸಿತು. "ಎದೆಯುದ್ದ," ಎಂದು ಗೊಣಗಿತು. ಇನ್ನೊಮ್ಮೆ ಭಜ್ಜಿ ಬಡಿಸಿದಾಗ "ಮೊಣಕಾಲುದ್ದ" ಎಂದಿತು. ಮಹಿಬೂಬಸಾಬ ಗಟ್ಟಿಯಾಗಿ ತೇಗಿದ.

"ಪ್ರವಾಹ ಇಳಿದಿದೆ. ಮನೆಗೆ ಹೋಗಿ."

ಸೈರನ್ ನಿಂತಿತು, ಓಡುತ್ತಿದ್ದ ಊರುಗಳೂ ನಿಂತವು, ಗೇಟು ಮುಚ್ಚಿತು. ಒಂದೆರಡು ಸಾಲು ಹೋಯಿತು, ಉಳಿದ ಕಡಲೆ ಬದುಕಿತು.

"ನೋಡಿದ್ಯಾ? ಮೊದಲನೇ ಸಾಲಿನಾಗ ಬರೋಬ್ಬರಿ ಮೊಣಕಾಲುದ್ದ!" ಎಂದ ಗುರಲಿಂಗಪ್ಪನಿಗೆ ಅಂದು ಭಜ್ಜಿ ಸಿಗಲಿಲ್ಲ.

ಇವತ್ತಿಗೂ ಸೈರನ್ ಕೇಳಿದರೆ ನಮ್ಮೂರವರು ಓಡುವುದಿಲ್ಲ, ರೊಟ್ಟಿಯ ಗಂಟು ಬಿಚ್ಚುತ್ತಾರೆ. ಅದಕ್ಕೇ ಈ ಮಾತನ್ನು ಹೊಳೆದಂಡೆಯ ಊರಿಗೆಲ್ಲ ಕಳಿಸಿಬಿಡಿ: ಮೊದಲು ಹೊಳೆ ನೋಡಿ, ಆಮೇಲೆ ಉಣ್ಣಿ.