ಹೊಟ್ಟೆಕಿಚ್ಚಿಗೆ ಬೆಳಕಿಲ್ಲ

ಹೊಟ್ಟೆಕಿಚ್ಚು ಎಂಬ ಪದವನ್ನು ಕಟ್ಟಿದವರು ಯಾರೋ, ಅನುಭವಸ್ಥರೇ ಇರಬೇಕು. ಆದರೆ ಒಂದು ಸಂಗತಿ ಅವರಿಗೂ ತೋಚಿದಂತಿಲ್ಲ: ಈ ಕಿಚ್ಚು ಎಷ್ಟೇ ಉರಿದರೂ ಹೊರಗೆ ಒಂದು ಮಿಣುಕು ಬೆಳಕೂ ಬರುವುದಿಲ್ಲ. ಹೈದರಾಬಾದಿನ ಒಂದು ಖನಿಜ ಪ್ರಯೋಗಾಲಯದಲ್ಲಿ ಕಲ್ಲುಗಳ ಒಳರಚನೆ ನೋಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡ ನಾನು ಇದನ್ನು ಖಚಿತವಾಗಿ ಹೇಳಬಲ್ಲೆ. ಎರಡು ವರ್ಷಗಳಿಂದ ಇಲ್ಲಿ ನನ್ನ ಹೊಟ್ಟೆ ಉರಿಯುತ್ತಿದೆ. ಪಕ್ಕದ ಕೋಣೆಯಲ್ಲಿ ಡಾ. ಮಹಾದೇವಿಯವರ ಕಲ್ಲುಗಳು ಬೆಳಗುತ್ತಿವೆ.

ನನ್ನದು ಎಕ್ಸ್‌ರೇ ಯಂತ್ರ. ಕಲ್ಲನ್ನು ಪುಡಿಮಾಡಿ ಒಳಗಿಟ್ಟರೆ ಕಾಗದದ ಮೇಲೆ ಏಳುಬೀಳಿನ ಗೆರೆಯೊಂದು ಮೂಡುತ್ತದೆ. ಅದನ್ನು ನೋಡಿ ಇದುವರೆಗೆ ಯಾರೂ ಬೆರಗಾಗಿ ಬಾಯಿ ತೆರೆದಿಲ್ಲ. ಅಟೆಂಡರ್ ಯಾದಗಿರಿ ಮಾತ್ರ ಒಮ್ಮೆ ಉಳುಕಿದ ಮಣಿಕಟ್ಟು ಹಿಡಿದುಕೊಂಡು ಬಂದು, "ಸಾರ್, ಜರಾ ಇಸ್ಕಾ ಭೀ ಏಕ್ ನಿಕಾಲೋ" ಎಂದು, ಇದರದೂ ಒಂದು ತೆಗೆದುಕೊಡಿ ಎಂಬಂತೆ ಕೈ ಚಾಚಿದ್ದ. ನನ್ನ ಯಂತ್ರಕ್ಕೆ ಸಂದ ಗೌರವ ಅಷ್ಟೇ. ಮಹಾದೇವಿ ನಮ್ಮ ಸೇಡಂ ಕಡೆಯವರು. ಕನ್ನಡ ಮಾತಾಡಲು ಒಬ್ಬರು ಸಿಕ್ಕರಲ್ಲ ಎಂದು ಅವರು ಬಂದ ದಿನ ಎಲ್ಲರಿಗೂ ಚಹಾ ಕುಡಿಸಿದವನೂ ನಾನೇ. ಅವರು ಕತ್ತಲೆ ಕೋಣೆಯಲ್ಲಿ ಬೂದಿಬಣ್ಣದ ಕಲ್ಲೊಂದನ್ನಿಟ್ಟು, ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಡುತ್ತಾರೆ. ಕಲ್ಲು ಕುಂಕುಮದಂತೆ ಕೆಂಪಗಾಗುತ್ತದೆ. ಬಂದ ಅತಿಥಿಗಳೆಲ್ಲ ನನ್ನ ಬಾಗಿಲು ದಾಟಿಕೊಂಡು ಅಲ್ಲಿಗೇ ಹೋಗುತ್ತಾರೆ. ನನ್ನ ಹೆಂಡತಿ ಕೂಡ ಒಮ್ಮೆ ಬಂದು, ಆ ಕೋಣೆಯಲ್ಲಿ ಬಹಳ ಹೊತ್ತು ನಿಂತು, ಹೊರಬಂದು ನನ್ನನ್ನು ಕೇಳಿದಳು: "ನಿಮ್ಮ ಕಲ್ಲು ಹೊಳೆಯಂಗಿಲ್ಲೇನ್ರಿ?"

ಇಷ್ಟನ್ನು ಹೇಗೋ ನುಂಗಿಕೊಂಡಿದ್ದೆ. ಆದರೆ ಹೋದ ತಿಂಗಳು ಮಹಾದೇವಿಯವರ ಹೊಸ ವರದಿ ನನ್ನ ಸಹಿಗಾಗಿ ಮೇಜಿಗೆ ಬಂತು. ಅದೇ ಕಲ್ಲಿನ ಬಗ್ಗೆ ನಾನು ಹಿಂದೆ ಬರೆದಿದ್ದೆ, ಅದರೊಳಗೆ ಕ್ಯಾಲ್ಸಿಯಂ ಕೂರುವ ಜಾಗಗಳೆಲ್ಲ ಒಂದೇ ತರಹ ಎಂದು. ನನ್ನ ಹೆಸರಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದು ಅದೊಂದೇ. ಮಹಾದೇವಿ ಬರೆದಿದ್ದರು: ಜಾಗ ಎರಡು ತರಹ. ಇದನ್ನು ಆಕೆಗೆ ಹೇಳಿದ್ದು ಯೂರೋಪಿಯಂ ಎಂಬ ವಿರಳ ಭೂಧಾತು. ಅದು ಕಲ್ಲಿನೊಳಗೆ ಚಿಟಿಕೆಯಷ್ಟು ಮಾತ್ರ ಸೇರಿಕೊಂಡು, ಕ್ಯಾಲ್ಸಿಯಮ್ಮಿನ ಜಾಗದಲ್ಲಿ ಕುಳಿತು, ಕೆಂಪಗೆ ಹೊಳೆದು ತನ್ನ ಅಕ್ಕಪಕ್ಕ ಯಾರಿದ್ದಾರೆಂದು ತಿಳಿಸುತ್ತದಂತೆ. ದಿಲ್‌ಸುಖ್‌ನಗರದ ಬಸ್ಸಿನಲ್ಲಿ ಕಂಡಕ್ಟರನಿಗೆ ಎಲ್ಲ ಸೀಟೂ ಒಂದೇ. ಚಕ್ರದ ಮೇಲಿನ ಸೀಟು ಯಾವುದೆಂದು ಕುಳಿತವನಿಗೇ ಗೊತ್ತು. ಇಷ್ಟು ವರ್ಷ ನಾನು ಕಂಡಕ್ಟರ್ ಆಗಿದ್ದೆ ಎಂದಾಯಿತು. ಆ ಕೆಂಪು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ, ಅದರ ಒಂದು ಮೂಲೆಯಲ್ಲಿ ಒಂದು ತರಹದ ಜಾಗಕ್ಕೆ ಒಂದೇ ಗೆರೆ ಬರಬೇಕು. ಅಲ್ಲಿ ಎರಡು ಗೆರೆ ಬಂದಿದ್ದವು.

ಎರಡನೆಯ ಗೆರೆ ಸುಳ್ಳೆಂದು ತೋರಿಸಿಬಿಟ್ಟರೆ ನನ್ನ ಮಾತು ಉಳಿಯುತ್ತಿತ್ತು. ಎಲ್ಲಿಂದಲೋ ಹೊರಬೆಳಕು ಸೋರುತ್ತಿದೆ ಎಂದು ಆಕ್ಷೇಪ ಬರೆದೆ. ನನ್ನೆದುರೇ ಮತ್ತೊಮ್ಮೆ ಮಾಡಿ ತೋರಿಸುವುದಾಗಿ ಮಹಾದೇವಿ ಹೇಳಿದರು. ಮರುದಿನ ಆ ಪರೀಕ್ಷೆಗೆ ಹಾಜರಾಗಲು, ಮರ್ಯಾದೆಯ ಪ್ರಶ್ನೆ ನೋಡಿ, ಅಬಿಡ್ಸ್‌ನಲ್ಲಿ ಕೊಂಡ ಬಿಳಿ ಅಂಗಿ ತೊಟ್ಟೆ. ಹೆಂಡತಿ ಹೊಸ ಸೋಪಿನ ಪುಡಿ ಹಾಕಿ ಒಗೆದ ಅಂಗಿ.

ಕತ್ತಲೆಯಲ್ಲಿ ಪರದೆಯ ಮೇಲೆ ಗೆರೆಗಳು ಎದ್ದವು. ನಾನು ಬಗ್ಗಿ ನೋಡಿದೆ. ಗೆರೆಗಳ ಪಕ್ಕದಲ್ಲಿ ದೊಡ್ಡದೊಂದು ದಿಬ್ಬ ಉಬ್ಬಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

"ನೋಡ್ರಿ ಮಹಾದೇವಿ, ಬೆಳಕು ಸೋರಾಕತ್ತೈತಿ! ನಾ ಹೇಳಿದ್ದಿಲ್ಲೇನು?"

"ಸೋರಾಕತ್ತಿದ್ದು ಖರೇರಿ ಸರ್" ಎಂದರು ಆಕೆ ಮೆಲ್ಲಗೆ. "ತಪ್ಪು ತಿಳಕೋಬ್ಯಾಡ್ರಿ, ಅದು ನಿಮ್ಮಿಂದರಿ. ಸ್ವಲ್ಪ ಕೆಳಗ ನೋಡಿಕೋರಿ."

ನೋಡಿಕೊಂಡೆ. ನನ್ನ ಅಂಗಿ ನೀಲಿಬಿಳಿಯಾಗಿ ಧಗಧಗಿಸುತ್ತಿತ್ತು. ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿನ ಪುಡಿಗೆ ಬೆರೆಸುವ ಬಣ್ಣ ಆ ನೇರಳಾತೀತ ದೀಪಕ್ಕೆ ಹೊಳೆಯುತ್ತದಂತೆ. ಬಾಗಿಲಲ್ಲಿದ್ದ ಯಾದಗಿರಿ "ಅರೇ ವಾಹ್, ಎಕ್ಸ್‌ರೇ ಸಾರ್!" ಎಂದ. ಮಹಾದೇವಿ ನಗಲಿಲ್ಲ, ನಕ್ಕಿದ್ದರೆ ಸಿಟ್ಟಾಗಲು ಅನುಕೂಲವಾಗುತ್ತಿತ್ತು. ಕಪ್ಪು ಕೋಟೊಂದನ್ನು ಕೊಟ್ಟರು. ಅದನ್ನು ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಉಸಿರು ಹಿಡಿದು ನಿಂತೆ. ದಿಬ್ಬ ಮಾಯವಾಯಿತು. ಗೆರೆಗಳು ಎರಡೂ ನಿಂತೇ ಇದ್ದವು.

"ನೀವು ಮೊದಲಿಗೆ ಆ ಜಾಗ ಎಲ್ಲದಾವ ಅಂತ ತೋರಿಸಿದ್ದಕ್ಕ ಅಲ್ಲಿ ಯಾರು ಕೂತಾರ ಅಂತ ನಾ ಹುಡುಕಿದೆರಿ" ಎಂದರು. ಇಷ್ಟು ಒಳ್ಳೆಯತನವನ್ನು ಯಾರಾದರೂ ಹೇಗೆ ಸಹಿಸಬೇಕು? ಅಲ್ಲೇ ಸಹಿ ಹಾಕಿದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಸಮಾಧಾನ ಹೇಳಿಯಾಳು ಎಂದುಕೊಂಡಿದ್ದೆ. ಅವಳ ಮುಖ ಮಾತ್ರ ಅರಳಿತು.

"ಎಷ್ಟು ವರ್ಷ ಆತು ನಿಮ್ಮ ಅಂಗಿ ತಿಕ್ಕಾಕತ್ತು! ಇವತ್ತರ ಒಬ್ರು ನೋಡಿ ಹೊಳಿತೈತಿ ಅಂದ್ರಲ್ಲ. ಅಂದ್ರ ಆ ಕೋಣ್ಯಾಗ ಹೊಳೆದಿದ್ದು ನನ್ನ ಸೋಪು. ನಿಮ್ಮದೇನಿತ್ರಿ?"

ಬಚ್ಚಲುಮನೆಗೆ ಹೋಗಿ ಆ ಸೋಪಿನ ಪೊಟ್ಟಣವನ್ನು ಬಹಳ ಹೊತ್ತು ದಿಟ್ಟಿಸಿದೆ. ಮಹಾದೇವಿಯವರ ಮೇಲಿನ ಹೊಟ್ಟೆಕಿಚ್ಚು ಈಗ ಸ್ವಲ್ಪ ಇಳಿದಿದೆ. ಅರ್ಧದಷ್ಟು ಸೋಪಿನ ಪುಡಿಯ ಪಾಲಿಗೆ ಹೋಗಿದೆ.