ಏಡ್ಸ್ ಪಾಠ ಆಗಲಿಲ್ಲ, ಉಪ್ಪಿಟ್ಟು ಆಯಿತು

ಹೇಳಬೇಕಾದ ಮಾತೊಂದನ್ನು ಹೇಳದೇ ಇರುವುದಕ್ಕೆ ನಾವು ಮೇಷ್ಟ್ರುಗಳು ಪಟ್ಟ ಪಾಡನ್ನು ಪಾಠ ಮಾಡುವುದಕ್ಕೆ ಪಟ್ಟಿದ್ದರೆ ನಮ್ಮ ಸ್ಕೂಲಿಗೆ ಪ್ರತಿ ವರ್ಷ ರ‍್ಯಾಂಕ್ ಬರುತ್ತಿತ್ತು. ಇದನ್ನು ರಿಟೈರ್ ಆದ ಮೇಲೆ ಧೈರ್ಯವಾಗಿ ಹೇಳುತ್ತಿದ್ದೇನೆ, ಇನ್ನು ಯಾರೂ ನನ್ನನ್ನು ಟ್ರಾನ್ಸ್‌ಫರ್ ಮಾಡುವ ಹಾಗಿಲ್ಲ. ಮೈಸೂರಿನ ಒಂದು ಗಂಡುಹುಡುಗರ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮೇಲಿನಿಂದ ಒಂದು ಆರ್ಡರ್ ಬಂತು. ದೊಡ್ಡ ಕ್ಲಾಸಿನ ಹುಡುಗರಿಗೆ ಏಡ್ಸ್ ಬಗ್ಗೆ, ಹೊಡೆದಾಟ ಬಿಡುವ ಬಗ್ಗೆ, ಹೆಣ್ಣುಮಕ್ಕಳ ಹತ್ತಿರ ಮರ್ಯಾದೆಯಾಗಿ ನಡೆದುಕೊಳ್ಳುವ ಬಗ್ಗೆ ವಾರಕ್ಕೊಂದು ಪೀರಿಯಡ್ ಪಾಠ ಆಗಬೇಕು ಅಂತ. ಯಾರು ಮಾಡುತ್ತೀರಿ ಎಂದಾಗ ಸ್ಟಾಫ್ ರೂಮಿನವರೆಲ್ಲ ನನ್ನ ಕಡೆ ತಿರುಗಿದರು. ಜೀವಶಾಸ್ತ್ರ ಓದಿದವನಿಗೆ ನಾಚಿಕೆ ಇರುವುದಿಲ್ಲ ಎಂದು ಅವರ ನಂಬಿಕೆ.

ಆ ಪಾಠದ ಕಥೆ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನಕ್ಕು ಮುಗಿಸಿದ ಮೇಲೆ ನಾಚಿಕೆ ಆಗುತ್ತದೆ.

ಬ್ಲೇಡು

ನಮ್ಮ ಹೆಡ್ ಮೇಷ್ಟ್ರು ಒಳ್ಳೆಯವರು. ಹಣೆ ತುಂಬ ವಿಭೂತಿ, ಮಠದ ಹಾಸ್ಟೆಲಿನಲ್ಲಿ ಓದಿ ಮುಂದೆ ಬಂದವರು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಮೊದಲನೇ ಪಾಠದ ಹಿಂದಿನ ದಿನ ನನ್ನನ್ನು ರೂಮಿಗೆ ಕರೆಸಿ, ಬಾಗಿಲು ಹಾಕಿಸಿ, ಯಾರಿಗೂ ಕೇಳಿಸಬಾರದು ಅಂತ ಫ್ಯಾನನ್ನು ಜೋರಾಗಿ ತಿರುಗಿಸಿದರು. ಆಮೇಲೆ, "ಪಾಠ ಮಾಡಿ, ಬೇಡ ಅನ್ನಲ್ಲ. ಅದೊಂದನ್ನ ಬಿಟ್ಟು ಮಾಡಿ" ಅಂದರು.

ಅದೊಂದನ್ನು ಬಿಟ್ಟರೆ ಉಳಿಯುವುದಾದರೂ ಏನು ಸಾರ್ ಎಂದೆ. ಬೇಕಾದಷ್ಟಿದೆ ಎಂದರು. ತಾಯಿಯಿಂದ ಮಗುವಿಗೆ ಬರುತ್ತದೆ ಎಂದು ಹೇಳಬಹುದಾ ಎಂದರೆ, ಮಗು ಹೇಗೆ ಬಂತು ಅಂತ ಹುಡುಗರು ಕೇಳುತ್ತಾರೆ, ಅದೂ ಬೇಡ ಎಂದರು. ರಕ್ತ ಹೇಳಿ, ಸೂಜಿ ಹೇಳಿ, ಬ್ಲೇಡ್ ಹೇಳಿ ಎಂದು ಅಪ್ಪಣೆ ಆಯಿತು. ನಮ್ಮ ಹುಡುಗರು ರಕ್ತ ಕೊಡುವ ವಯಸ್ಸಿನವರಲ್ಲ, ಸೂಜಿ ಕಂಡರೆ ಓಡುವವರು. ಹಾಗಾಗಿ ಇಡೀ ಪೀರಿಯಡ್ ಬ್ಲೇಡಿನ ಬಗ್ಗೆ ಮಾತಾಡಿದೆ. ಅಷ್ಟು ಚೆನ್ನಾಗಿ ನಾನು ದ್ಯುತಿಸಂಶ್ಲೇಷಣೆಯನ್ನೂ ಪಾಠ ಮಾಡಿರಲಿಲ್ಲ.

ಭಾನುವಾರ ನಮ್ಮ ಹುಡುಗರೆಲ್ಲ ಕಟಿಂಗ್‌ಗೆ ಹೋಗುವಾಗ ಜೇಬಿನಲ್ಲಿ ಹೊಸ ಬ್ಲೇಡ್ ಇಟ್ಟುಕೊಂಡು ಹೋಗಿದ್ದಾರೆ. ಕೆಲವರು ಕತ್ತರಿ ಮೂಸಿ ನೋಡಿದ್ದಾರೆ. ಒಬ್ಬನಂತೂ ಸಲೂನಿನ ಯಜಮಾನರಿಗೇ ರಕ್ತ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿಬಿಟ್ಟಿದ್ದಾನೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಸರಸ್ವತಿಪುರಂ ಕಡೆಯ ಸಲೂನಿನವರು ಗೇಟಿನಲ್ಲಿ ನಿಂತಿದ್ದರು. ತಲೆತಲಾಂತರದಿಂದ ಈ ಊರಿನ ತಲೆ ನೋಡಿಕೊಂಡಿದ್ದೇವೆ, ನಿಮ್ಮ ಮಕ್ಕಳು ನಮ್ಮನ್ನು ರೋಗದ ಅಂಗಡಿ ಅಂತ ನೋಡುತ್ತಾರಲ್ಲ ಸ್ವಾಮಿ ಎಂದು ಅವರ ದೂರು. ಅದರಲ್ಲಿ ತಪ್ಪೂ ಇರಲಿಲ್ಲ.

ಹೆಡ್ ಮೇಷ್ಟ್ರು ಅವರಿಗೆ ಕಾಫಿ ಕೊಡಿಸಿ ಸಮಾಧಾನ ಮಾಡಿದರು. ವಿಶ್ವಾಸ ತೋರಿಸಬೇಕಲ್ಲ ಅಂತ ಆ ಸಂಜೆ ತಾವೇ ಹೋಗಿ ಕಟಿಂಗ್ ಮಾಡಿಸಿಕೊಂಡರು. ಹಿಂದಿನ ವಾರವಷ್ಟೇ ಮಾಡಿಸಿದ್ದ ತಲೆ. ಮಾರನೇ ದಿನ ತಿರುಪತಿಯಿಂದ ಬಂದವರ ಹಾಗೆ ಕಾಣುತ್ತಿದ್ದರು. ನುಣ್ಣಗಿನ ತಲೆ ಸವರಿಕೊಂಡು ನನಗೆ ಹೇಳಿದರು: "ನೋಡಿ, ಬ್ಲೇಡ್ ಪಾಠಕ್ಕೇ ಇಷ್ಟು ಜನ ಬಂದರು. ಅದನ್ನ ಹೇಳಿದ್ದರೆ ಯಾರ್ಯಾರು ಬರ್ತಿದ್ದರೋ ಯೋಚನೆ ಮಾಡಿ."

ಗಡ್ಡ ಬಿಟ್ಟ ಅಣ್ಣ

ಅದೇ ವಾರ ಲ್ಯಾಬಿಗೆ ಬೀಗ ಹಾಕುತ್ತಿದ್ದೆ. ಹತ್ತನೇ ಕ್ಲಾಸಿನ ಹುಡುಗನೊಬ್ಬ ಕಾದು ನಿಂತಿದ್ದ. ಹೂಟಗಳ್ಳಿಯಿಂದ ದಿನಾ ಸಿಟಿ ಬಸ್ಸಿನಲ್ಲಿ ಬರುವವನು. ತಂದೆ ಇಲ್ಲ. ತಾಯಿ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಅಣ್ಣ ಲಾರಿ ಡ್ರೈವರ್, ಮನೆ ನಡೆಯುತ್ತಿದ್ದದ್ದು ಅವನಿಂದ. ಈಗ ಅಣ್ಣ ಸೊರಗಿ ವಾಪಸ್ ಬಂದಿದ್ದಾನೆ, ದೊಡ್ಡಾಸ್ಪತ್ರೆಯಲ್ಲಿ ಅದೇ ರೋಗ ಅಂದಿದ್ದಾರೆ. ಅಮ್ಮ ಅವನಿಗೆ ಹಿತ್ತಲ ಕೊಟ್ಟಿಗೆಯಲ್ಲಿ ಚಾಪೆ ಹಾಕಿದ್ದಾಳೆ. ಬೇರೆ ತಟ್ಟೆ, ಬೇರೆ ಚೊಂಬು. ಊಟ ಬಾಗಿಲಲ್ಲಿಟ್ಟು ದೂರ ನಿಂತು ಅಳುತ್ತಾಳಂತೆ. ಇಷ್ಟನ್ನೂ ಹುಡುಗ ನೆಲ ನೋಡಿಕೊಂಡು ಹೇಳಿದ. ಆಮೇಲೆ ತಲೆ ಎತ್ತಿ ಕೇಳಿದ:

"ಸಾರ್, ನಮ್ಮಣ್ಣ ಗಡ್ಡ ಬುಟ್ಟವ್ನೆ. ಬ್ಲೇಡ್ ಮುಟ್ಟೋದೇ ಇಲ್ಲ. ಒಳೀಕ್ ಬಂದು ನಮ್ಜೊತೆ ಉಣ್ಬೋದಾ?"

ನನಗೆ ನಗು ಬಂತು, ಅವನ ಮುಖ ನೋಡಿ ಅಲ್ಲೇ ನಿಂತಿತು. ಜೊತೆಯಲ್ಲಿ ಉಂಡರೆ ಬರುವುದಿಲ್ಲ, ತಟ್ಟೆಯಿಂದ ಬರುವುದಿಲ್ಲ, ಮುಟ್ಟಿದರೂ ಬರುವುದಿಲ್ಲ, ಧಾರಾಳವಾಗಿ ಒಳಗೆ ಕರೆದುಕೊಳ್ಳಿ ಎಂದೆ. ಇವನು ಹೇಳಿದರೆ ಅಮ್ಮ ನಂಬುವುದಿಲ್ಲವಂತೆ. ನಾನೇ ಬಂದು ಹೇಳುತ್ತೇನೆ ಎಂದರೆ ಬೇಡ ಎಂದ. ಮೇಷ್ಟ್ರು ಮನೆಗೆ ಬಂದರೆ ಯಾಕೆ ಬಂದರು ಅಂತ ಬೀದಿಯವರೆಲ್ಲ ಕೇಳುತ್ತಾರೆ. ಪೇರೆಂಟ್ಸ್ ಮೀಟಿಂಗಿಗೆ ಅಮ್ಮ ಬಂದೇ ಬರುತ್ತಾಳೆ, ಸ್ಕೂಲಿನವರು ಎಲ್ಲರ ಮುಂದೆ ಹೇಳಿದರೆ ನಂಬುತ್ತಾಳೆ, ಅವತ್ತು ಹೇಳಿ ಸಾರ್ ಅಂದ. ಅರ್ಧ ನಿಮಿಷದ ಮಾತು ಕಣ್ರೀ. ಆಗಲಿ ಎಂದೆ. ಮೀಟಿಂಗ್ ಇದ್ದದ್ದು ದೀಪಾವಳಿ ಆದ ಮೇಲೆ.

ಪ್ರಶ್ನೆ ಪೆಟ್ಟಿಗೆ

ಇಂಥ ಹುಡುಗರು ಇನ್ನೂ ಇರಬಹುದು ಅನ್ನಿಸಿತು. ಬಾಯಿ ಬಿಟ್ಟು ಕೇಳಲಾರದವರು ಹೆಸರಿಲ್ಲದೆ ಚೀಟಿ ಬರೆದು ಹಾಕಲಿ ಅಂತ ಒಂದು ಪೆಟ್ಟಿಗೆ ಇಡುವ ನಿಯಮ ಮೇಲಿನಿಂದ ಬಂದ ಆರ್ಡರಿನಲ್ಲೇ ಇತ್ತು. ಬಡಗಿಯ ಹತ್ತಿರ ಮಾಡಿಸಿದೆ, ಚೆನ್ನಾಗಿಯೇ ಬಂತು. ಲೈಬ್ರರಿ ಮೂಲೆಯಲ್ಲಿ ಇಡೋಣ ಎಂದರೆ ಹೆಡ್ ಮೇಷ್ಟ್ರು ಒಪ್ಪಲಿಲ್ಲ. ಪೋಲಿ ಹುಡುಗರು ಏನೇನೋ ಬರೆದು ಹಾಕುತ್ತಾರೆ, ನನ್ನ ಟೇಬಲ್ ಮೇಲೇ ಇರಲಿ ಎಂದರು.

ಗುಟ್ಟಾಗಿ ಪ್ರಶ್ನೆ ಕೇಳಬೇಕಾದ ಹುಡುಗ ಈಗ ಹೆಡ್ ಮೇಷ್ಟ್ರ ಬಾಗಿಲಲ್ಲಿ ಕೈಕಟ್ಟಿ ನಿಂತು, ಮೇ ಐ ಕಮಿನ್ ಸಾರ್ ಅಂತ ಕೇಳಿ, ಅವರ ಎದುರಿಗೇ ಚೀಟಿ ಹಾಕಬೇಕು. ಏನೋ ಅದು ಪ್ರಶ್ನೆ ಅಂತ ಅವರು ಕನ್ನಡಕದ ಮೇಲಿಂದ ನೋಡುವರು. ಏನಿಲ್ಲ ಸಾರ್, ಸೀಮೆಸುಣ್ಣ ಬೇಕಿತ್ತು ಅಂತ ಹುಡುಗ ಹೊರಟುಹೋಗುವನು. ಆ ತಿಂಗಳು ನಮ್ಮ ಸ್ಕೂಲಿನಲ್ಲಿ ಖರ್ಚಾದಷ್ಟು ಸೀಮೆಸುಣ್ಣ ಯಾವತ್ತೂ ಖರ್ಚಾಗಿರಲಿಲ್ಲ.

ತಿಂಗಳ ಕೊನೆಗೆ ಪೆಟ್ಟಿಗೆ ತೆಗೆದರೆ ಖಾಲಿ. ನಮ್ಮ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಯಾವುದೇ ಸಂದೇಹವಿಲ್ಲ ಅಂತ ಹೆಡ್ ಮೇಷ್ಟ್ರು ಮೇಲಕ್ಕೆ ಬರೆದು ಕಳಿಸಿದರು. ಪಾಠ ಬಹಳ ಪರಿಣಾಮಕಾರಿಯಾಗಿದೆ ಎಂದು ಮೇಲಿನವರು ನನಗೆ ಮೆಚ್ಚುಗೆ ತಿಳಿಸಿದರು.

ಹತ್ತರವರೆಗೆ ಎಣಿಸು

ಹೊಡೆದಾಟ ಬಿಡಿಸುವ ಪಾಠ ಪಿ.ಟಿ. ಮೇಷ್ಟ್ರ ಪಾಲಿಗೆ ಬಿತ್ತು. ಅವರು ಗರಡಿಯಲ್ಲಿ ಬೆಳೆದವರು, ದಸರಾ ಕುಸ್ತಿಗೆ ಇಳಿದಿದ್ದ ಆಳು. ಬೆತ್ತ ಹಿಡಿದೇ ಅಹಿಂಸೆ ಬೋಧಿಸಿದರು. ಸಿಟ್ಟು ಬಂದರೆ ಕೈ ಎತ್ತುವ ಮೊದಲು ಹತ್ತರವರೆಗೆ ಎಣಿಸಿ, ಸಿಟ್ಟು ಇಳಿಯುತ್ತದೆ, ಎಣಿಸದಿದ್ದವನ ಚರ್ಮ ಸುಲಿಯುತ್ತೇನೆ ಅಂತ ಪಾಠ ಮುಗಿಸಿದರು.

ಈ ಮಧ್ಯೆ ಹೂಟಗಳ್ಳಿ ಹುಡುಗನ ಅಣ್ಣನ ಸುದ್ದಿ ಹೇಗೋ ಹರಡಿತ್ತು. ಅದೇ ಬಸ್ಸಿನಲ್ಲಿ ಬರುವ ಇನ್ನೊಬ್ಬ ಹುಡುಗ ನಲ್ಲಿ ಹತ್ತಿರ ಇವನನ್ನು ತಡೆದು, ನೀನು ಕೊನೆಗೆ ಕುಡಿ, ನಮ್ಮದೆಲ್ಲ ಆಗಲಿ ಅಂದನಂತೆ. ಇವನು ಅವನ ಕಾಲರ್ ಹಿಡಿದ. ಇಬ್ಬರೂ ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಹೋದರು, ಕ್ಲಾಸಿಗೆ ಕ್ಲಾಸೇ ಹಿಂದೆ ಹೋಯಿತು. ಸುದ್ದಿ ತಿಳಿದು ನಾನೂ ಪಿ.ಟಿ. ಮೇಷ್ಟ್ರೂ ಓಡಿದೆವು. ದೂರದಿಂದಲೇ ಹುಡುಗರೆಲ್ಲ ಒಟ್ಟಾಗಿ ಒಂದು, ಎರಡು, ಮೂರು ಅಂತ ಎಣಿಸುವುದು ಕೇಳಿಸಿತು. ಪಿ.ಟಿ. ಮೇಷ್ಟ್ರು ನಿಂತುಬಿಟ್ಟರು. ನೋಡಿದ್ರಾ, ಪಾಠ ಹತ್ತಿದೆ ಅಂದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುತ್ತಿಲ್ಲ.

ಹತ್ತು ಅಂತ ಕೇಳಿಸಿತು. ಕೇಳಿಸಿದ್ದೇ ತಡ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಎಣಿಕೆಯನ್ನು ಹುಡುಗರು ಅಖಾಡದ ಸೀಟಿ ಮಾಡಿಕೊಂಡಿದ್ದರು. ಪಿ.ಟಿ. ಮೇಷ್ಟ್ರು ನುಗ್ಗಿ ಇಬ್ಬರಿಗೂ ಎರಡೆರಡು ಬಿಟ್ಟು ಬಿಡಿಸಿದರು. ನೀವು ಎಣಿಸಿದ್ರಾ ಅಂತ ನಾನು ಕೇಳಿದೆ. "ಎಣಿಸಿದೆ ಕಣ್ರೀ, ಮನಸಲ್ಲೇ. ನಂಗೆ ಅಭ್ಯಾಸ ಇದೆ, ಬೇಗ ಮುಗೀತು" ಅಂದರು.

ಹೂಟಗಳ್ಳಿ ಹುಡುಗನ ತುಟಿ ಒಡೆದಿತ್ತು. ಲ್ಯಾಬಿಗೆ ಕರೆದುಕೊಂಡು ಹೋಗಿ ತೊಳೆದು ಹತ್ತಿ ಇಟ್ಟೆ. ನೋವಿನ ಮಾತೇ ಆಡಲಿಲ್ಲ ಅವನು. ಮೀಟಿಂಗ್ ಯಾವತ್ತು ಸಾರ್ ಅಂತ ಕೇಳಿದ.

ಮೈಕು

ಮೀಟಿಂಗ್ ದಿನ ಬಂತು. ಹುಡುಗನ ತಾಯಿ ಕ್ಯಾಂಟೀನಿಗೆ ರಜ ಹಾಕಿ, ಒಗೆದ ಸೀರೆ ಉಟ್ಟುಕೊಂಡು, ಹೆಂಗಸರ ಸಾಲಿನ ಮುಂದೆಯೇ ಕೂತಿದ್ದಳು. ಹುಡುಗ ಬಾಗಿಲಲ್ಲಿ ನಿಂತು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದ. ನಾನು ಹೆಡ್ ಮೇಷ್ಟ್ರನ್ನು ವಾರದಿಂದ ಕಾಡಿ ಬೇಡಿ ಒಪ್ಪಿಸಿದ್ದೆ. ಅದೊಂದನ್ನು ಬಿಟ್ಟೇ ಮಾತಾಡುತ್ತೇನೆ ಸಾರ್, ಜೊತೆಯಲ್ಲಿ ಉಂಡರೆ ಬರೋದಿಲ್ಲ ಅಂತ ಮಾತ್ರ ಹೇಳುತ್ತೇನೆ ಅಂದಿದ್ದೆ. ಒಪ್ಪಿದ್ದರು.

ಮುಖ್ಯ ಅತಿಥಿಗಳು ತಡವಾಗಿ ಬಂದರು. ಹಾರ ಆಯಿತು, ಶಿಸ್ತಿನ ಬಗ್ಗೆ ಭಾಷಣ ಆಯಿತು. ಕೊನೆಗೆ ಹೆಡ್ ಮೇಷ್ಟ್ರು ಎದ್ದು ಮೈಕಿನಲ್ಲಿ, ಈಗ ವಿಜ್ಞಾನದ ಮೇಷ್ಟ್ರು ಏಡ್ಸ್ ಎಂಬ ಅತಿ ಮುಖ್ಯವಾದ ವಿಷಯ ತಿಳಿಸುತ್ತಾರೆ ಎಂದರು. ನನಗೆ ಜೀವ ಬಂದ ಹಾಗಾಯಿತು. ಅವರು ಮುಂದುವರಿಸಿದರು: "ಆದ ಕಾರಣ ತಾಯಂದಿರು ದಯವಿಟ್ಟು ಪಕ್ಕದ ಹಾಲಿಗೆ ಹೋಗಿ ಉಪ್ಪಿಟ್ಟು ಸ್ವೀಕರಿಸಬೇಕು."

ತಾಯಂದಿರೆಲ್ಲ ಎದ್ದರು. ಮೊದಲು ಎದ್ದವಳು ಅವಳೇ, ದೊಡ್ಡವರು ಹೇಳಿದ ಮೇಲೆ ಕೂರುವುದುಂಟೇ. ನಾನು ಮೈಕಿನ ಮುಂದೆ ನಿಂತು ಜೊತೆಯಲ್ಲಿ ಉಂಡರೆ ಬರುವುದಿಲ್ಲ ಅಂತ ಶುರು ಮಾಡಿದೆ. ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬಂದು ತಂದೆಯರೂ ಒಬ್ಬೊಬ್ಬರೇ ಜಾರಿದರು. ಮುಗಿಸುವ ಹೊತ್ತಿಗೆ ಹಾಲಿಗೆ ಬೀಗ ಹಾಕಬೇಕಾದ ಪಿ.ಟಿ. ಮೇಷ್ಟ್ರು ಇದ್ದರು, ವೈರ್ ಸುತ್ತಬೇಕಾದ ಮೈಕ್ ಸೆಟ್ಟಿನವನು ಇದ್ದ. ಪಕ್ಕದ ಹಾಲಿಗೆ ಓಡಿ ನೋಡಿದರೆ ಹೂಟಗಳ್ಳಿ ಬಸ್ಸಿನ ಹೊತ್ತಾಯಿತೆಂದು ತಾಯಿ ಮಗ ಆಗಲೇ ಹೋಗಿದ್ದರು.

ಮೈಕ್ ಸೆಟ್ಟಿನವನಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಒಳ್ಳೇ ವಿಷಯ ಹೇಳಿದ್ರಿ ಸಾರ್ ಅಂದ. ಆಮೇಲೆ, "ನೀವು ಶುರು ಮಾಡೋ ಮೊದಲೇ ಹೆಡ್ ಮೇಷ್ಟ್ರು ಮೈಕ್ ಆಫ್ ಮಾಡಿಸ್ಬಿಟ್ಟಿದ್ರು. ಇಲ್ದೇ ಇದ್ರೆ ಪಕ್ಕದ ಹಾಲಲ್ಲಿ ಹೆಂಗಸರಿಗೂ ಕೇಳಿಸ್ಬಿಡೋದು" ಅಂದ. ಪಿ.ಟಿ. ಮೇಷ್ಟ್ರು ನನಗೆ ಉಪ್ಪಿಟ್ಟು ತಂದುಕೊಟ್ಟರು. ಆರಿಹೋಗಿತ್ತು.

ನೆಗಡಿ

ಆ ಅಣ್ಣ ಈಗಿಲ್ಲ. ಇನ್ನೊಂದು ಮಳೆಗಾಲ ಕಾಣಲಿಲ್ಲ. ಇಷ್ಟು ವರ್ಷ ಆದರೂ ಆ ಮೀಟಿಂಗ್ ನೆನಪಾದರೆ ಊಟ ರುಚಿಸುವುದಿಲ್ಲ ನನಗೆ. ಕೆಲವು ವರ್ಷ ಕಳೆದ ಮೇಲೆ ನಮ್ಮ ಸ್ಕೂಲಿನಲ್ಲಿ ಆ ಪೀರಿಯಡ್ಡೂ ನಿಂತುಹೋಯಿತು, ಅದರ ಜಾಗಕ್ಕೆ ಗಣಿತ ಬಂತು. ಅಣ್ಣ ಇದ್ದಾಗ ನಡೆದದ್ದೊಂದನ್ನು ಹೇಳಿ ಮುಗಿಸುತ್ತೇನೆ.

ಮೀಟಿಂಗ್ ಆದ ಮೇಲೆ ಹುಡುಗ ನನ್ನ ಹತ್ತಿರ ಅಣ್ಣನ ಮಾತೇ ಎತ್ತಿರಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ದಿನ ಅವನೇ ಬಂದು, ಒಂದಿನ ಮನೆಗೆ ಬನ್ನಿ ಸಾರ್, ಬೀದಿಗೆಲ್ಲ ಗೊತ್ತಾಗಿದೆ, ಇನ್ನೇನು ಮುಚ್ಚಿಡುವುದು ಅಂದ. ನಾನು ಆ ಭಾನುವಾರವೇ ಹೊರಟೆ. ಮೂಗು ಕಟ್ಟಿ, ಕಣ್ಣಲ್ಲಿ ನೀರು ಸುರಿಯುವಷ್ಟು ನೆಗಡಿ. ಆದರೂ ನಿಲ್ಲಲಿಲ್ಲ. ಆ ಕೊಟ್ಟಿಗೆಗೇ ಹೋಗಿ ಅಣ್ಣನ ಪಕ್ಕ ಕೂತು, ಅವನ ತಟ್ಟೆಯಲ್ಲೇ ಉಂಡು ತಾಯಿಗೆ ತೋರಿಸಬೇಕು ಅಂತ ನನ್ನ ಯೋಜನೆ. ಏನೇನು ಹೇಳಬೇಕು ಅಂತ ದಾರಿಯುದ್ದಕ್ಕೂ ಸೀನುತ್ತಾ ಅಭ್ಯಾಸ ಮಾಡಿಕೊಂಡೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋದರು.

ಮನೆಗೆ ಹೋದರೆ ಅಣ್ಣ ಒಳಗೇ ಇದ್ದ. ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದ, ಮೂಳೆ ಚಕ್ಕಳ, ಆದರೆ ನಗುತ್ತಿದ್ದ. ತಾಯಿ ಪಕ್ಕದಲ್ಲಿ ಮುದ್ದೆ ಕಟ್ಟುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಆಮೇಲೆ ತಿಳಿಯಿತು. ಮೀಟಿಂಗ್ ಆದ ರಾತ್ರಿಯೇ ಹುಡುಗ ತನ್ನ ತಟ್ಟೆ ತೆಗೆದುಕೊಂಡು ಕೊಟ್ಟಿಗೆಗೆ ಹೋಗಿ ಅಣ್ಣನ ಜೊತೆ ಕೂತು ಉಂಡಿದ್ದಾನೆ. ತಾಯಿ ಅತ್ತಳು, ಬೈದಳು, ಉಪವಾಸ ಮಲಗಿದಳು. ಇವನು ದಿನಾ ಹೋದ. ಅವಳು ದಿನಾ ಬೆಳಿಗ್ಗೆ ಇವನ ಹಣೆ ಮುಟ್ಟಿ ನೋಡಿದಳು. ಏನೂ ಆಗಲಿಲ್ಲ. ಸಂಕ್ರಾಂತಿ ದಿನ ತಾನೇ ಹೋಗಿ ದೊಡ್ಡಮಗನ ಕೈ ಹಿಡಿದು ಒಳಗೆ ಕರೆದುಕೊಂಡು ಬಂದಳಂತೆ.

ಸಂತೋಷ ಆಯಿತು. ಇಡೀ ಸ್ಕೂಲು ಸೇರಿ ಹೇಳಲಾಗದ್ದನ್ನು ಈ ಹುಡುಗ ಉಂಡು ತೋರಿಸಬೇಕಾಯಿತಲ್ಲ ಅಂತ ಹೊಟ್ಟೆಯೂ ಉರಿಯಿತು. ನನ್ನ ಭಾಷಣ ಯಾರಿಗೂ ಬೇಕಾಗಿರಲಿಲ್ಲ. ಆದರೂ ಅಷ್ಟು ದೂರ ಬಂದವನು, ಅಣ್ಣನ ಪಕ್ಕಕ್ಕೇ ಹೋಗಿ ಚಕ್ಕಳಮಕ್ಕಳ ಹಾಕಿಕೊಂಡು ಕೂತೆ. ಕೂತವನಿಗೆ ದೊಡ್ಡದೊಂದು ಸೀನು ಬಂತು.

ತಾಯಿ ದಡಬಡ ಎದ್ದು ನಮ್ಮಿಬ್ಬರ ಮಧ್ಯೆ ನಿಂತಳು. "ಮೇಷ್ಟ್ರೇ, ತಪ್ಪು ತಿಳ್ಕಬೇಡಿ. ವಸಿ ಆಚೆ ಜಗಲಿ ಮ್ಯಾಲೆ ಕೂತ್ಕಳಿ. ನಿಮ್ಗೆ ಸ್ಯಾನೆ ನೆಗಡಿ ಆಗದೆ. ನನ್ ಮಗುಂಗೆ ತಗಲ್ಕಂಡ್ರೆ ತಡೆಯಾಕಿಲ್ಲ, ಡಾಕ್ಟ್ರು ಹೇಳವ್ರೆ."

ಡಾಕ್ಟರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಎದ್ದು ಜಗಲಿಗೆ ಹೋದೆ. ಅವಳು ನನಗೊಂದು ಬೇರೆ ತಟ್ಟೆ, ಬೇರೆ ಚೊಂಬು ತಂದಿಟ್ಟು, ಮುದ್ದೆ, ಅವರೆಕಾಳಿನ ಸಾರು ಬಡಿಸಿ, ದೂರ ಸರಿದು ನಿಂತಳು. ಒಳಗೆ ತಾಯಿ ಮಕ್ಕಳು ಮೂವರೂ ಒಟ್ಟಿಗೆ ಕೂತು ಉಂಡರು. ಆಚೆ ನಾನೊಬ್ಬನೇ ಉಂಡೆ. ಅಷ್ಟು ರುಚಿಯಾದ ಊಟ ನಾನು ಯಾವ ಮದುವೆಯಲ್ಲೂ ಮಾಡಿಲ್ಲ. ಮುಗಿಸಿ ತಟ್ಟೆ ತೊಳೆಯೋಣ ಅಂತ ಎದ್ದೆ. ಒಳಗಿಂದ ಅವಳು ಕೂಗಿ ಹೇಳಿದಳು:

"ತಟ್ಟೆ ಮುಟ್ಬೇಡಿ, ಅಲ್ಲೇ ಬುಡಿ ಮೇಷ್ಟ್ರೇ. ಬಿಸ್ನೀರ್ ಕಾಯ್ಸಿ ಬ್ಯಾರೆಯಾಗಿ ತೊಳ್ಕತೀನಿ."

ಆಗಲಿ ಕಣಮ್ಮ ಅಂದು, ಮೂಗು ಒರೆಸಿಕೊಂಡು ಬಸ್ ಸ್ಟಾಪಿಗೆ ಹೊರಟೆ.