ಮುಪ್ಪನ್ನು ರದ್ದುಪಡಿಸಿದ ಸಮಿತಿಗೆ

ಮರಣಕಾರಣಗಳ ಪಟ್ಟಿ ಪರಿಷ್ಕರಣ ಸಮಿತಿಯ ಅಧ್ಯಕ್ಷರ ಅವಗಾಹನೆಗೆ.

ಮಾನ್ಯರೇ,

ತಾವೂ ತಮ್ಮ ಸಮಿತಿಯ ಹನ್ನೊಂದು ಮಂದಿ ಸದಸ್ಯರೂ ಆರೋಗ್ಯವಾಗಿದ್ದೀರೆಂದು ನಂಬಿ, ಒಂದು ವೇಳೆ ಇಲ್ಲದಿದ್ದರೆ ತಮಗಿರುವ ಕಾಯಿಲೆಯ ಕ್ರಮಸಂಖ್ಯೆ ತಮಗೇ ಬಾಯಿಪಾಠವಿರುತ್ತದೆಂಬ ಸಮಾಧಾನದಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನು ನೋಂದಣಿ ಕಚೇರಿಯ ಮೂರನೆಯ ಕಿಟಕಿಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಮರಣಗಳನ್ನು ದಾಖಲಿಸುತ್ತಿರುವ ಗುಮಾಸ್ತೆ. ಪಟ್ಟಿಯಲ್ಲಿಲ್ಲದ ಕಾರಣವೊಂದನ್ನು ಕೈಬರಹದಲ್ಲಿ ನಮೂದಿಸಿ ಪ್ರಮಾಣಪತ್ರ ಕೊಟ್ಟದ್ದೇಕೆಂದು ಏಳು ದಿನಗಳೊಳಗೆ ವಿವರಿಸಬೇಕೆಂದು ತಾವು ನೋಟಿಸು ಕಳುಹಿಸಿದ್ದೀರಿ. ಇದು ಇಂದಲ್ಲ ನಾಳೆ ಎಲ್ಲರಿಗೂ ಸಂಬಂಧಪಡುವ ವಿಷಯವಾದ್ದರಿಂದ ವಿವರಣೆಯನ್ನು ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ.

ಮೊದಲಿಗೆ ಅಭಿನಂದನೆಗಳು. ತಮ್ಮ ಹೊಸ ಪಟ್ಟಿಯಲ್ಲಿ ಸಾಯಲು ನಾಲ್ಕು ಸಾವಿರದ ಇನ್ನೂರು ದಾರಿಗಳಿವೆ. ನಾನು ಕೆಲಸಕ್ಕೆ ಸೇರಿದಾಗ ಅರವತ್ತೇ ಇದ್ದವು. ಜನ ಹೇಗೋ ಅಷ್ಟರಲ್ಲೇ ಸುಧಾರಿಸಿಕೊಂಡು ಹೋಗುತ್ತಿದ್ದರು. ಅದಕ್ಕೂ ಹಿಂದಿನ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತಾದ್ದರಿಂದ ನೂರು ವರ್ಷದ ಸಾವುಗಳನ್ನು ಒಂದೊಂದಾಗಿ ಓದಿದ್ದೇನೆ. ಆಗಿನವರು ಜ್ವರದಿಂದ ಹೋದರು, ವಾಂತಿಭೇದಿಯಿಂದ ಹೋದರು, ಹಲ್ಲು ಮೊಳೆಯುವಾಗ ಹೋದರು. ಒಬ್ಬ ದರ್ಜಿಯ ಹೆಸರಿನ ಮುಂದೆ ‘ಸುಮ್ಮನೆ’ ಎಂದಷ್ಟೇ ಬರೆದಿದೆ. ಪುಟ ಮಗುಚಿದಂತೆ ಭೇದಿ ಹಿಂದೆ ಸರಿದು ಲಾರಿ ಮುಂದೆ ಬರುತ್ತದೆ, ಲಾರಿಯ ಬೆನ್ನಿಗೇ ಸಕ್ಕರೆ ಕಾಯಿಲೆ, ಹೃದಯ, ಕ್ಯಾನ್ಸರು. ಮೂರನೆಯ ವಯಸ್ಸಿಗೇ ಹೊರಟುಹೋಗುತ್ತಿದ್ದವರು ಎಪ್ಪತ್ತರ ತನಕ ಉಳಿದದ್ದರಿಂದ ತಾನೇ ಇಂಥ ದೊಡ್ಡ ಕಾಯಿಲೆಗಳ ಯೋಗ ನಮಗೆ ಕೂಡಿಬಂದದ್ದು? ಇದನ್ನು ಪ್ರಗತಿ ಎಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಈಗ ನೋಟಿಸಿನ ವಿಷಯ. ತೀರಿಕೊಂಡವರು ನನ್ನ ದೊಡ್ಡಮ್ಮ, ಎಂದರೆ ತಾಯಿಯ ಅಕ್ಕ. ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದವರು. ನನ್ನ ತಾಯಿಯೊಬ್ಬರನ್ನು ಬಿಟ್ಟು ಅವರ ಒಡಹುಟ್ಟಿದವರೆಲ್ಲ ಆಯಾ ಕಾಲದಲ್ಲಿ ಚಾಲ್ತಿಯಲ್ಲಿದ್ದ ಕಾರಣಗಳನ್ನೇ ವಿಧೇಯರಾಗಿ ಒಪ್ಪಿಕೊಂಡಿದ್ದರು. ದೊಡ್ಡ ತಮ್ಮ ಮೂರು ವರ್ಷಕ್ಕೆ ಸಿಡುಬಿನಿಂದ, ಹಿರಿಯಕ್ಕ ಹತ್ತೊಂಬತ್ತಕ್ಕೆ ಹೆರಿಗೆಯಲ್ಲಿ, ಅಣ್ಣ ಮೂವತ್ತಕ್ಕೆ ಕ್ಷಯದಿಂದ, ಚಿಕ್ಕ ತಮ್ಮ ಹೊಸ ಸ್ಕೂಟರಿನ ಮೇಲೆ. ದೊಡ್ಡಮ್ಮ ಮಾತ್ರ ಮೊದಲಿನಿಂದಲೂ ಸ್ವಲ್ಪ ಅವಿಧೇಯರು. ದೊಡ್ಡ ತಮ್ಮ ಸಿಡುಬಿನಿಂದ ಹೋದಾಗ ಅವರಿಗೆ ಏಳು ವರ್ಷ. ಬೆಳೆದು ದಾದಿಯಾಗಿ, ಇಪ್ಪತ್ತಾರು ವರ್ಷ ಬೀದಿಬೀದಿ ಸುತ್ತಿ ಸಿಡುಬಿನ ಲಸಿಕೆ ಹಾಕಿದರು. ‘ಸೂಜಿಯಮ್ಮ ಬಂದ್ಲು’ ಎಂದು ಯಾರಾದರೂ ಕೂಗಿದರೆ ಮಕ್ಕಳು ಮಂಚದಡಿ ನುಗ್ಗುತ್ತಿದ್ದವಂತೆ. ಇವರು ಮಂಡಿಯೂರಿ ಬಗ್ಗಿ, ಕಾಲು ಹಿಡಿದು ಎಳೆದು, ಕೆಲಸ ಮುಗಿಸಿ, ಕೆನ್ನೆಗೊಂದು ಮುತ್ತು ಕೊಟ್ಟು ಬಿಡುತ್ತಿದ್ದರಂತೆ. ಒಂದು ಪೀಳಿಗೆಯ ತೋಳುಗಳ ಮೇಲೆ ಅವರ ಕೈಗುರುತಿದೆ. ತಮ್ಮ ತೋಳಿನ ಮೇಲೂ ಇರಬಹುದು, ಅಂಗಿ ಮಡಚಿ ಒಮ್ಮೆ ನೋಡಿಕೊಳ್ಳಬೇಕಾಗಿ ವಿನಂತಿ.

ಹಳೆಯ ರಿಜಿಸ್ಟರೊಂದರಲ್ಲಿ ಸಿಡುಬಿಗೆ ಹೋದ ಆ ತಮ್ಮನ ಹೆಸರು ಸಿಕ್ಕ ದಿನ ನಾನು ದೊಡ್ಡಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಕಚೇರಿಗೆ ಕರೆತಂದಿದ್ದೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ, “ಇವನ ಕಾಯಿಲೆ ಕೊನೇ ಸಲ ಯಾವ ಪುಟದಲ್ಲಿದೆ, ತೋರ್ಸು” ಎಂದರು. ನಾನು ಹುಡುಕಿ ತೋರಿಸಿದೆ. ಅಲ್ಲಿಂದಾಚೆಗೆ ಒಂದೊಂದೇ ಪುಟ ತಾವೇ ತಿರುವಿದರು. ಆ ಪದ ಮತ್ತೆಲ್ಲೂ ಇರಲಿಲ್ಲ. “ಹ್ಞೂಂ, ಸರಿ, ನಡಿ ಮನೆಗೆ” ಎಂದು ಎದ್ದರು. ಮಾನ್ಯರೇ, ಪಟ್ಟಿಯಿಂದ ಒಂದು ಪದ ತೆಗೆಯುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ಅಂದು ಗೊತ್ತಾಯಿತು. ತಾವು ಅದನ್ನು ಒಂದೇ ಸಭೆಯಲ್ಲಿ ಸಾಧಿಸಿದ್ದೀರಿ.

ಅವರಿಗೆ ತೊಂಬತ್ತೇಳಾಗಿತ್ತು. ಅಂದು ಬೆಳಿಗ್ಗೆ ಚಹಾ ಕುಡಿದು, ತಮ್ಮ ಲೋಟವನ್ನು ತಾವೇ ತೊಳೆದು ಬೋರಲು ಹಾಕಿ, “ಸ್ವಲ್ಪ ಕೂತ್ಕೋತೀನಿ ಕಣೆ” ಎಂದು ನನ್ನ ತಾಯಿಗೆ ಹೇಳಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಬಂದ ಡಾಕ್ಟರು ಇನ್ನೂ ಎಳೆಯ ವಯಸ್ಸಿನವರು, ‘ಹೃದಯ ವೈಫಲ್ಯ’ ಎಂದು ಬರೆಯಹೊರಟರು. ಹಾಗೆಂದರೇನೆಂದು ತಾಯಿ ಕೇಳಿದರು. ಹಾರ್ಟ್ ಫೇಲಾಗಿದೆ ಎಂದು ಅವರು ವಿವರಿಸಿದರು.

“ಫೇಲು ಗೀಲು ಅಂತೆಲ್ಲ ಬರೀಬೇಡಿ ಡಾಕ್ಟ್ರೇ,” ಎಂದರು ತಾಯಿ. “ನಮ್ಮಕ್ಕ ಶಾಲೇಲೂ ಯಾವತ್ತೂ ಫೇಲಾದವಳಲ್ಲ.”

“ಮತ್ತೆ ಏನಂತ ಬರೀಲಿ ಅಜ್ಜಿ?”

“ವಯಸ್ಸಾಗಿತ್ತು, ಹೋದ್ಲು. ಅಷ್ಟೇ ಬರೀರಿ.”

ಡಾಕ್ಟರು ದೊಡ್ಡಮ್ಮನ ಮುಖವನ್ನೊಮ್ಮೆ ನೋಡಿ, ಬರೆದಷ್ಟನ್ನು ಹೊಡೆದುಹಾಕಿ, ‘ಮುಪ್ಪು’ ಎಂದು ಬರೆದುಕೊಟ್ಟರು.

ಮೂರನೆಯ ದಿನ ನಾನು ನನ್ನದೇ ಕಿಟಕಿಯಲ್ಲಿ ಕೂತು ನನ್ನದೇ ಮನೆಯ ಅರ್ಜಿಯನ್ನು ತೆಗೆದುಕೊಂಡೆ. ತಮ್ಮ ಯಂತ್ರಕ್ಕೆ ‘ಮುಪ್ಪು’ ಎಂದರೆ ‘ಅಮಾನ್ಯ’ ಎಂದಿತು. ‘ವೃದ್ಧಾಪ್ಯ’ ಎಂದೆ, ಅದೂ ಅಮಾನ್ಯ. ಬದಲಿಗೆ ‘ಗಿಳಿ ಕಚ್ಚಿ’, ‘ಏಣಿಯಿಂದ ಬಿದ್ದು, ಎರಡನೆಯ ಸಲ’ ಮುಂತಾದ ಸೌಲಭ್ಯಗಳನ್ನು ಮುಂದಿಟ್ಟಿತು. ಸಹಾಯವಾಣಿಗೆ ಫೋನು ಮಾಡಿದೆ. ಅಲ್ಲಿನ ಹೆಣ್ಣುಮಗಳು ಬಹಳ ಸೌಮ್ಯ ಸ್ವಭಾವದವರು.

“ಮೇಡಂ, ವಯಸ್ಸಾಯ್ತು ಅಂತ ಈಗ ಯಾರೂ ಸಾಯಲ್ಲ.”

“ಮತ್ತೆ ಹೇಗಮ್ಮ ಸಾಯ್ತಾರೆ?”

“ಲಿಸ್ಟಲ್ಲಿ ಇರೋದ್ರಿಂದ ಮೇಡಂ.”

ಅವರ ತಪ್ಪೇನಿಲ್ಲ, ತಾವು ಕಲಿಸಿದ್ದನ್ನು ಹೇಳಿದರು. ನಾನು ಫೋನು ಇಟ್ಟು, ಕರೆಂಟು ಹೋದಾಗಿನ ಬಳಕೆಗೆಂದು ಬೀರುವಿನಲ್ಲಿಟ್ಟಿದ್ದ ಹಳೆಯ ನಮೂನೆಯ ಹಾಳೆ ತೆಗೆದೆ. ಕರೆಂಟು ಇತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಇಷ್ಟು ವರ್ಷ ಊರವರ ಸಾವನ್ನೆಲ್ಲ ಒಂದೊಂದೇ ಹಾಳೆಯಲ್ಲಿ ಬರೆದವಳಿಗೆ ಆ ಎರಡಕ್ಷರ ಬರೆಯಲು ಎರಡು ಹಾಳೆ ಬೇಕಾದವು. ಎರಡನೆಯದಕ್ಕೆ ಸೀಲು ಒತ್ತಿದೆ.

ಸಂಜೆ ಅದನ್ನು ತಾಯಿಯ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ, ಹೆಸರಿನಿಂದ ಸೀಲಿನವರೆಗೆ ಬಿಡದೆ ಓದಿ, ಕಾರಣದ ಸಾಲಿಗೆ ಮತ್ತೆ ಬಂದು, ಗಟ್ಟಿಯಾಗಿ ಇನ್ನೊಮ್ಮೆ ಓದಿದರು. ಮೂರು ದಿನದಿಂದ ಅಳದಿದ್ದವರು ಆಗ ಅತ್ತರು. “ನಮ್ಮನೇಲಿ ವಯಸ್ಸಾಗಿ ಹೋದೋಳು ಇವಳೇ ಮೊದಲು” ಎಂದರು.

ಮಾನ್ಯರೇ, ಮುಂದೆ ಬರಲಿರುವ ಕಾರಣಗಳಿಗೂ ತಾವು ಈಗಲೇ ಜಾಗ ಕಾಯ್ದಿರಿಸಿದ್ದೀರೆಂದು ಕೇಳಿ ಸಂತೋಷವಾಯಿತು. ನನ್ನ ಕಿಟಕಿಗೆ ಅವು ಬರತೊಡಗಿವೆ. ಕಳೆದ ಬೇಸಿಗೆಯಲ್ಲಿ ಒಬ್ಬ ಅಂಚೆಯವ ಬರೀ ಬಿಸಿಲಿಗೆ ಹೋದ. ಒಬ್ಬಾಕೆ ಕಾಲಿನ ಸಣ್ಣ ಗಾಯಕ್ಕೆ ಹೋದರು, ಯಾವ ಮಾತ್ರೆಯೂ ನಾಟಲಿಲ್ಲವಂತೆ. ಫೋನು ನೋಡುತ್ತಾ ಮೆಟ್ಟಿಲಿಲ್ಲದ ಕಡೆ ಮೆಟ್ಟಿಲು ಇಳಿದವರಿಗೆ ಒಂದು ಪ್ರತ್ಯೇಕ ಅಧ್ಯಾಯವೇ ಬೇಕಾದೀತು. ಮುಂದೊಂದು ದಿನ ಮನುಷ್ಯನ ಒಳಗಿನ ಬಿಡಿಭಾಗಗಳನ್ನೆಲ್ಲ ಬದಲಿಸಿ, ಯಾರೂ ಸಾಯದಂತಾಗಿ, ಪಾಸ್‌ವರ್ಡು ಮರೆತವರಷ್ಟೇ ಸಾಯುವ ಕಾಲ ಬಂದರೆ ಅದನ್ನೂ ಬರೆದುಕೊಳ್ಳಲು ಸಿದ್ಧಳಿದ್ದೇನೆ. ನಾಲ್ಕು ಸಾವಿರದ ಇನ್ನೂರರ ಕೊನೆಯಲ್ಲಿ ಒಂದು ಸಾಲು, ಎಲ್ಲವನ್ನೂ ದಾಟಿ ಬಂದವರಿಗಾಗಿ, ಖಾಲಿ ಬಿಡಬೇಕೆಂದಷ್ಟೇ ಪ್ರಾರ್ಥನೆ.

ಇದರಲ್ಲಿ ಆತುರವೇನಿಲ್ಲ. ನನ್ನ ತಾಯಿಗೆ ಈಗ ತೊಂಬತ್ತೊಂದು. ತನಗೂ ಅಕ್ಕನದೇ ಕಾರಣ ಬೇಕೆಂದೂ, ಆ ಪದ ಪಟ್ಟಿಗೆ ವಾಪಸ್ಸು ಬರುವವರೆಗೆ ಸಾಯುವುದಿಲ್ಲವೆಂದೂ ಅವರು ಖಡಾಖಂಡಿತವಾಗಿ ಹೇಳಿದ್ದಾರೆ. ಆದಕಾರಣ ಈ ಕಡತವನ್ನು ತಮ್ಮ ಸಮಿತಿಯು ಎಂದಿನ ವೇಗದಲ್ಲೇ ವಿಲೇವಾರಿ ಮಾಡಬೇಕೆಂದು, ಸಾಧ್ಯವಾದರೆ ನಡುವೆ ಒಂದೆರಡು ಉಪಸಮಿತಿಗಳನ್ನೂ ನೇಮಿಸಬೇಕೆಂದು ಕೈಮುಗಿದು ಕೋರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಮೂರನೆಯ ಕಿಟಕಿಯ ಗುಮಾಸ್ತೆ

ಮರೆತ ಮಾತು: ನೋಟಿಸಿನ ಪ್ರತಿಯೊಂದನ್ನು ತಾವು ನನ್ನ ಮೇಲಧಿಕಾರಿಗಳಿಗೂ ಕಳುಹಿಸಿ, ಖುದ್ದಾಗಿ ಹಾಜರಾಗಲು ತಿಳಿಸಿದ್ದೀರಿ. ಅವರು ತೀರಿಕೊಂಡು ಎರಡು ವರ್ಷವಾಯಿತು. ಪಟ್ಟಿಯಲ್ಲಿದ್ದ ಕಾರಣದಿಂದಲೇ ಹೋದರು, ಆದ್ದರಿಂದ ತಮ್ಮ ಗಮನಕ್ಕೆ ಬಂದಿರಬೇಕಿತ್ತು. ಒಂದು ವೇಳೆ ಹಾಜರಾದರೆ ನನಗೂ ತಿಳಿಸಿ, ಅವರ ದಾಖಲೆ ತಿದ್ದಬೇಕಾಗುತ್ತದೆ.